ಸೇರಿದ ದಿನದಿಂದ ನಿವೃತ್ತಿಯವರೆಗೆ: ಮುಖ್ಯ ಶಿಕ್ಷಕರು ತಮ್ಮ ಶಿಕ್ಷಕರ ಜೊತೆ ನಿಲ್ಲುವ ಬಗೆ

ಇಪ್ಪತ್ತೈದರ ಆಸುಪಾಸಿನಲ್ಲಿ ಸರ್ಕಾರಿ ಶಾಲೆಗೆ ಸೇರುವ ಶಿಕ್ಷಕಿಯೊಬ್ಬರು ಅರವತ್ತು ತುಂಬಿದಾಗ ನಿವೃತ್ತರಾಗುತ್ತಾರೆ. ನಡುವೆ ಮೂವತ್ತೈದು ವರ್ಷ. ಮೊದಲ ವರ್ಷ ಅವರಿಗೆ ತರಗತಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಚಿಂತೆ. ಹತ್ತನೇ ವರ್ಷಕ್ಕೆ ಅದು ಕರಗತವಾಗಿರುತ್ತದೆ, ಆಗ ಬೇಕಾಗುವುದು ಹೊಸದೊಂದು ಸವಾಲು. ಇಪ್ಪತ್ತೈದನೇ ವರ್ಷದಲ್ಲಿ ಮಂಡಿ ನೋವು, ಮನೆಯ ಜವಾಬ್ದಾರಿ, ಮತ್ತೊಂದು ಹೊಸ ಕಾರ್ಯಕ್ರಮದ ಸುತ್ತೋಲೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಇಲಾಖೆಯ ತರಬೇತಿ ಮಾತ್ರ ಈ ಮೂರೂ ಹಂತದವರಿಗೆ ಒಂದೇ ಕೊಠಡಿಯಲ್ಲಿ ಒಂದೇ ರೀತಿ ನಡೆಯುತ್ತದೆ. ಯಾರಿಗೆ ಈಗ ಏನು ಬೇಕು ಎಂಬುದನ್ನು ಹತ್ತಿರದಿಂದ ಬಲ್ಲವರು ಆ ಶಾಲೆಯ ಮುಖ್ಯ ಶಿಕ್ಷಕರು. ಹಾಗಾಗಿ ಈ ಲೇಖನ ಅವರಿಗಾಗಿ, ಅದರಲ್ಲೂ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ನಡೆಸುತ್ತಿರುವವರಿಗಾಗಿ. ಇಲ್ಲಿ ಹೇಳಿರುವ ಬಹುಪಾಲು ಕೆಲಸಗಳಿಗೆ ಅನುದಾನ ಬೇಕಿಲ್ಲ, ಮೇಲಿನ ಆದೇಶವೂ ಬೇಕಿಲ್ಲ.

ಹೊಸಬರು ಬರುವ ಮೊದಲು

ಹೊಸ ಶಿಕ್ಷಕರು ನೇಮಕಾತಿ ಆದೇಶ ಹಿಡಿದು ಬರುವ ದಿನ ಶಾಲೆಯಲ್ಲಿ ಒಂದು ಪುಟದ ಮಾಹಿತಿ ಸಿದ್ಧವಿರಲಿ. ಊರಿಗೆ ಬಸ್ ಎಷ್ಟು ಹೊತ್ತಿಗಿದೆ, ಬಾಡಿಗೆ ಮನೆ ಎಲ್ಲಿ ಸಿಗಬಹುದು, ಮಧ್ಯಾಹ್ನದ ಊಟಕ್ಕೆ ಏನು ವ್ಯವಸ್ಥೆ, ಯಾವ ದಾಖಲೆಯನ್ನು ಯಾವ ಕಚೇರಿಗೆ ಕೊಡಬೇಕು ಎಂಬಿಷ್ಟು ಸಾಕು. ದಾಖಲೆಗಳ ನೈಜತೆ ಪರಿಶೀಲನೆ, ಸಂಬಳ ಮತ್ತು ಸೇವಾ ವಿವರಗಳ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ನೋಂದಣಿ, ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿ ಪಾಲಿಸಿ, ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನ ಪ್ರಾನ್ ಖಾತೆ ಸಂಖ್ಯೆ, ಹೀಗೆ ಒಂದೊಂದು ಕಡತವೂ ತಡವಾದಂತೆ ಮೊದಲ ಸಂಬಳವೂ ಮುಂದಕ್ಕೆ ಹೋಗುತ್ತದೆ. ಪರ ಊರಿನಲ್ಲಿ ಕೈಯಲ್ಲಿ ಹಣವಿಲ್ಲದೆ ತಿಂಗಳುಗಟ್ಟಲೆ ಕಾಯುವ ಯುವ ಶಿಕ್ಷಕರಿಗೆ ಬೋಧನಾ ವಿಧಾನದ ಬಗ್ಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ವಿಷಯ ನಿರ್ವಾಹಕರಿಗೆ ವಾರಕ್ಕೊಮ್ಮೆ ಮುಖ್ಯ ಶಿಕ್ಷಕರೇ ಫೋನ್ ಮಾಡಿ ವಿಚಾರಿಸಿದರೆ ಕಡತ ಬೇಗ ಮುಂದೆ ಸಾಗುತ್ತದೆ.

ಇನ್ನೊಂದು, ಅವರಿಗೆ ಯಾವ ತರಗತಿ ಕೊಡಬೇಕು ಎಂಬುದು. ಬೇರೆ ಯಾರಿಗೂ ಬೇಡವಾದ ತರಗತಿ ಹೊಸಬರ ಪಾಲಿಗೆ ಬರುವುದನ್ನು ಎಷ್ಟೋ ಶಾಲೆಗಳಲ್ಲಿ ಕಾಣುತ್ತೇವೆ. ಅದರ ಮೇಲೆ ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶದ ಭರ್ತಿ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ. ‘ಚಿಕ್ಕ ವಯಸ್ಸಿನವರು, ಕಂಪ್ಯೂಟರ್ ಬರುತ್ತದೆ’ ಎಂಬುದೊಂದೇ ಕಾರಣ. ಇದು ಅನ್ಯಾಯ. ಮೊದಲ ವರ್ಷ ತರಗತಿಯ ಹೊರಗಿನ ಒಂದಕ್ಕಿಂತ ಹೆಚ್ಚು ಜವಾಬ್ದಾರಿಯನ್ನು ಹೊಸಬರಿಗೆ ವಹಿಸಬೇಡಿ.

ನಲಿ-ಕಲಿ ತರಗತಿ ಕೊಡುವುದಾದರೆ ಇನ್ನಷ್ಟು ಎಚ್ಚರ ಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಮೈಲಿಗಲ್ಲು ದಾಟುತ್ತಾರೆ. ಕೈಪಿಡಿ ಓದಿ ಇದು ಬರುವುದಿಲ್ಲ, ಕಣ್ಣಾರೆ ಕಾಣಬೇಕು. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರೊಂದಿಗೆ ಮಾತನಾಡಿ, ಅಕ್ಕಪಕ್ಕದ ಶಾಲೆಯಲ್ಲಿ ಚೆನ್ನಾಗಿ ನಡೆಯುವ ನಲಿ-ಕಲಿ ಕೊಠಡಿಯಲ್ಲಿ ಎರಡು ಮೂರು ದಿನ ಕುಳಿತು ನೋಡಲು ಅವರನ್ನು ಕಳುಹಿಸಿ.

ಭಾಷೆಯ ತೊಡಕನ್ನೂ ಮೊದಲೇ ತಿಳಿಸಿಬಿಡಿ. ಹಾಸನದಿಂದ ರಾಯಚೂರಿಗೆ ಬಂದವರಿಗೆ ಮಕ್ಕಳ ಕನ್ನಡ ಅರ್ಧ ತಿಳಿಯದೆ ಹೋಗಬಹುದು. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತನಾಡುವ ಮಕ್ಕಳಿಗೆ ಈ ಹೊಸ ಶಿಕ್ಷಕರ ಕನ್ನಡ ಅದಕ್ಕಿಂತ ದೂರ. ಇದಕ್ಕೆ ಶಾಲೆಯಲ್ಲೇ ಇರುವ ಗುರುಗಳೆಂದರೆ ಅಡುಗೆ ಸಿಬ್ಬಂದಿ. ಅವರು ಅದೇ ಊರಿನವರು, ಮಕ್ಕಳ ಮನೆಮಾತು ಬಲ್ಲವರು. ದಿನಕ್ಕೆ ಹತ್ತು ನಿಮಿಷ ಅವರೊಂದಿಗೆ ಕುಳಿತು ಮನೆ, ಹೊಲ, ಊಟ, ನೋವು, ಹಸಿವಿಗೆ ಸಂಬಂಧಿಸಿದ ಪದಗಳನ್ನು ಬರೆದುಕೊಂಡರೆ ತಿಂಗಳೊಳಗೆ ತರಗತಿಯ ಚಹರೆಯೇ ಬದಲಾಗುತ್ತದೆ.

ಜೊತೆಗಾರರನ್ನು ಗೊತ್ತುಮಾಡಿ

ಹೊಸ ಶಿಕ್ಷಕರಿಗೆ ಶಾಲೆಯಲ್ಲೇ ಒಬ್ಬ ಜೊತೆಗಾರರು ಬೇಕು. ಸೇವಾ ಹಿರಿತನ ನೋಡಿ ಆರಿಸುವುದು ರೂಢಿ. ಆದರೆ ಪಕ್ಕದ ತರಗತಿಯಲ್ಲಿ ಅದೇ ವಿಷಯ ಬೋಧಿಸುವ, ಕೇಳಿದ್ದಕ್ಕೆ ಬೇಸರಿಸದ ಶಿಕ್ಷಕರು ಇದಕ್ಕೆ ಹೆಚ್ಚು ಸೂಕ್ತ, ಅವರ ಸೇವೆ ಆರೇ ವರ್ಷದ್ದಾಗಿದ್ದರೂ ಸರಿ. ವಾರಕ್ಕೆ ಒಂದು ಅವಧಿ ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವಂತೆ ವೇಳಾಪಟ್ಟಿ ಮಾಡಿ. ವೇಳಾಪಟ್ಟಿಯಲ್ಲಿ ಬರೆಯದೆ, ‘ಸಮಯ ಸಿಕ್ಕಾಗ ಕೇಳಿಕೊಳ್ಳಿ’ ಎಂದುಬಿಟ್ಟರೆ ಆ ಸಮಯ ಎಂದೂ ಸಿಗುವುದಿಲ್ಲ. ಎರಡು ಶಿಕ್ಷಕರ ಶಾಲೆಯಾದರೆ ಕ್ಲಸ್ಟರಿನ ಮತ್ತೊಂದು ಶಾಲೆಯಲ್ಲಿ ಜೊತೆಗಾರರನ್ನು ಹುಡುಕಿ. ಕ್ಲಸ್ಟರ್ ಸಮಾಲೋಚನಾ ಸಭೆಯ ದಿನ ಇಬ್ಬರೂ ಅರ್ಧ ಗಂಟೆ ಮುಂಚೆ ಬಂದರೆ ಮಾತಿಗೆ ಜಾಗವಾಗುತ್ತದೆ.

ತರಗತಿಯೊಳಗೆ ಹೋಗಿ ಕುಳಿತುಕೊಳ್ಳಿ

ಮುಖ್ಯ ಶಿಕ್ಷಕರು ಮಾಡಬಹುದಾದ ಕೆಲಸಗಳಲ್ಲಿ ನಾನು ಇದನ್ನು ಎಲ್ಲಕ್ಕಿಂತ ಮೇಲಿಡುತ್ತೇನೆ. ಅತಿ ಹೆಚ್ಚು ಕೆಟ್ಟು ಹೋಗಿರುವುದೂ ಇದೇ. ತರಗತಿ ವೀಕ್ಷಣೆ ಎಂದರೆ ಶಿಕ್ಷಕರಿಗೆ ನೆನಪಾಗುವುದು ಪಾಠ ಟಿಪ್ಪಣಿಗೆ ಸಹಿ, ತಪ್ಪುಗಳ ಪಟ್ಟಿ, ಮಕ್ಕಳೆದುರೇ ಕೇಳುವ ಪ್ರಶ್ನೆ. ಆ ಭಯ ಹೋಗಬೇಕಾದರೆ ನೋಡುವ ದಿಕ್ಕು ಬದಲಾಗಬೇಕು. ಶಿಕ್ಷಕರನ್ನು ನೋಡಬೇಡಿ, ಮಕ್ಕಳ ನೋಟ್‌ಪುಸ್ತಕ ನೋಡಿ.

ನಾಲ್ಕನೇ ತರಗತಿಯಲ್ಲಿ ವ್ಯವಕಲನ ನಡೆಯುತ್ತಿದೆ ಎಂದುಕೊಳ್ಳಿ. ಕಪ್ಪುಹಲಗೆಯ ಮೇಲೆ 52ರಿಂದ 27 ಕಳೆಯುವ ಲೆಕ್ಕ. ಶಿಕ್ಷಕಿ ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ, ಮಕ್ಕಳು ದನಿಗೂಡಿಸಿ ‘ಇಪ್ಪತ್ತೈದು’ ಎಂದಿದ್ದಾರೆ. ನೀವು ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನ ಪಕ್ಕ ಕುಳಿತು ಮುಂದಿನ ಲೆಕ್ಕವನ್ನು ಅವನು ಮಾಡುವುದನ್ನು ನೋಡುತ್ತೀರಿ. 63ರಿಂದ 38 ಕಳೆಯಬೇಕು. ಅವನು 35 ಎಂದು ಬರೆಯುತ್ತಾನೆ. ಪಕ್ಕದ ಹುಡುಗಿಯದೂ 35. ಮೂರಕ್ಕಿಂತ ಎಂಟು ದೊಡ್ಡದಾದ್ದರಿಂದ ಅವರು ಎಂಟರಿಂದಲೇ ಮೂರನ್ನು ಕಳೆದಿದ್ದಾರೆ. ಹಲಗೆಯ ಮುಂದೆ ನಿಂತವರಿಗೆ ಇದು ಕಾಣುವುದಿಲ್ಲ, ಮಗುವಿನ ಪಕ್ಕ ಕುಳಿತವರಿಗೆ ತಕ್ಷಣ ಕಾಣುತ್ತದೆ.

ಅಲ್ಲಿ ಏನನ್ನೂ ಹೇಳಬೇಡಿ. ಅಂದೇ ಸಂಜೆ, ಸಿಬ್ಬಂದಿ ಕೊಠಡಿಯಲ್ಲಿ ಬೇರೆಯವರು ಇಲ್ಲದಾಗ ಮಾತು ತೆಗೆಯಿರಿ. “ಮೇಡಂ, ಮೂರು ಮಕ್ಕಳ ಪುಸ್ತಕ ನೋಡಿದೆ. ಇಬ್ಬರು ಮೂವತ್ತೈದು ಎಂದು ಬರೆದಿದ್ದಾರೆ. ಅವರು ಏನೆಂದು ಯೋಚಿಸಿರಬಹುದು?” ಎಂದು ಕೇಳಿ. ಉತ್ತರ ಅವರಿಂದಲೇ ಬರಲಿ, ಬಹುತೇಕ ಬಂದೇ ಬರುತ್ತದೆ. ಆಮೇಲೆ, “ಕಡ್ಡಿಯ ಕಟ್ಟು ಬಿಚ್ಚಿ ತೋರಿಸಿದರೆ ಹೇಗೆ? ನಾಳೆ ನಾನೂ ಬರುತ್ತೇನೆ, ಆ ಕಡೆಯ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ” ಎನ್ನಿ. ಮರುದಿನ ಹೋಗಿ, ಹತ್ತರ ಒಂದು ಕಟ್ಟನ್ನು ಬಿಡಿ ಕಡ್ಡಿಗಳಾಗಿಸಿ ಬಿಡಿಸ್ಥಾನಕ್ಕೆ ಸೇರಿಸುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ವಾರದ ನಂತರ ಅದೇ ಇಬ್ಬರು ಮಕ್ಕಳ ಪುಸ್ತಕವನ್ನು ಶಿಕ್ಷಕಿಯೊಂದಿಗೆ ಕುಳಿತು ಮತ್ತೆ ನೋಡಿ.

ಪಾಲಿಸಬೇಕಾದ ನಿಯಮಗಳು ಕೆಲವೇ:

- ಒಂದು ಭೇಟಿ ಇಪ್ಪತ್ತು ನಿಮಿಷ ಮೀರುವುದು ಬೇಡ. ಬರುವ ದಿನವನ್ನು ಮೊದಲೇ ತಿಳಿಸಿ.
- ಒಂದು ಭೇಟಿಗೆ ಒಂದೇ ವಿಷಯ. ಹತ್ತು ಕುಂದು ಕಂಡರೂ ಒಂಬತ್ತನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.
- ಮಾತುಕತೆ ಅದೇ ದಿನ ಆಗಬೇಕು. ವಾರ ಕಳೆದರೆ ಇಬ್ಬರಿಗೂ ತರಗತಿ ಮರೆತಿರುತ್ತದೆ.
- ದಾಖಲೆಗೆ ಬರೆಯಲೇಬೇಕಿದ್ದರೆ, ಏನು ಬರೆಯುತ್ತೀರಿ ಎಂಬುದನ್ನು ಮೊದಲು ಶಿಕ್ಷಕರಿಗೆ ತೋರಿಸಿ.
- ನಿಮ್ಮ ತರಗತಿಗೂ ಅವರನ್ನು ಕರೆಯಿರಿ.

ಕೊನೆಯದು ತುಂಬಾ ಮುಖ್ಯ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯ ಶಿಕ್ಷಕರೂ ಪಾಠ ಮಾಡುತ್ತಾರೆ. ಅವರ ಪಾಠವನ್ನು ಕಿರಿಯರು ಬಂದು ನೋಡಿ, ‘ಸರ್, ಈ ಭಾಗದಲ್ಲಿ ಹಿಂದಿನ ಸಾಲಿನವರಿಗೆ ತಿಳಿಯಲಿಲ್ಲ’ ಎಂದು ಹೇಳುವ ವಾತಾವರಣ ಇದ್ದ ಕಡೆ ವೀಕ್ಷಣೆಗೆ ಯಾರೂ ಹೆದರುವುದಿಲ್ಲ.

ಶಿಕ್ಷಕರ ಸಮಯಕ್ಕೆ ಕಾವಲಿರಿ

ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ ಶಿಕ್ಷಕರ ವಾರದ ಕೆಲಸ ಕನಿಷ್ಠ 45 ಗಂಟೆ, ಅದರೊಳಗೆ ಪಾಠದ ಸಿದ್ಧತೆಯ ಸಮಯವೂ ಸೇರಿದೆ. ಸಿದ್ಧತೆಯೂ ಕೆಲಸವೇ ಎಂದು ಕಾನೂನೇ ಒಪ್ಪಿದೆ. ಅದೇ ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕರ್ತವ್ಯ ಬಿಟ್ಟರೆ ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ವಾಸ್ತವ ಏನೆಂಬುದು ಎಲ್ಲರಿಗೂ ಗೊತ್ತು. 2025ರ ದಸರಾ ರಜೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರೇ ಮನೆ ಮನೆ ಸುತ್ತಿದರು. ಅದು ಮುಗಿಯದೆ ಶಾಲೆಗಳ ರಜೆಯನ್ನೇ ವಿಸ್ತರಿಸಬೇಕಾಯಿತು.

ಇಂಥದ್ದನ್ನು ತಡೆಯುವ ಅಧಿಕಾರ ಮುಖ್ಯ ಶಿಕ್ಷಕರಿಗಿಲ್ಲ. ಆದರೆ ಅದರ ಪೆಟ್ಟನ್ನು ತಗ್ಗಿಸಬಹುದು. ಸಮೀಕ್ಷೆ ಮುಗಿಸಿ ಬಂದವರಿಗೆ ಮರುದಿನವೇ ಪರೀಕ್ಷಾ ದಾಖಲೆ ಕೇಳಬೇಡಿ. ಮತಗಟ್ಟೆ ಮಟ್ಟದ ಅಧಿಕಾರಿಯ ಹೊಣೆ ಇರುವವರಿಗೆ ಶಾಲೆಯ ಬೇರೆ ಹೊಣೆ ಕೊಡಬೇಡಿ. ತಪ್ಪಿಹೋದ ಪಾಠಗಳಲ್ಲಿ ಯಾವುದನ್ನು ಬಿಡಲೇಬಾರದು, ಯಾವುದನ್ನು ಸಂಕ್ಷೇಪಿಸಬಹುದು ಎಂಬುದನ್ನು ಒಟ್ಟಿಗೆ ಕುಳಿತು ತೀರ್ಮಾನಿಸಿ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬರುವ ‘ತುರ್ತು, ಕೂಡಲೇ ಮಾಹಿತಿ ಸಲ್ಲಿಸಿ’ ಎಂಬ ಸಂದೇಶದ ಬಗ್ಗೆಯೂ ಒಂದು ಮಾತು. ಅದನ್ನು ಹಾಗೆಯೇ ಶಿಕ್ಷಕರ ಗುಂಪಿಗೆ ರವಾನಿಸಿದರೆ ಐದು ಕೊಠಡಿಗಳಲ್ಲಿ ಪಾಠ ನಿಲ್ಲುತ್ತದೆ. ಪದೇ ಪದೇ ಕೇಳುವ ಮಾಹಿತಿ ಹೆಚ್ಚೂಕಡಿಮೆ ಒಂದೇ: ದಾಖಲಾತಿ, ಹಾಜರಾತಿ, ಆಧಾರ್, ಸಮವಸ್ತ್ರದ ಅಳತೆ, ಪಠ್ಯಪುಸ್ತಕ. ಇವನ್ನು ಒಂದು ಹಾಳೆಯಲ್ಲಿ ತಿಂಗಳಿಗೊಮ್ಮೆ ತಾಜಾ ಮಾಡಿ ನಿಮ್ಮ ಮೇಜಿನಲ್ಲಿಟ್ಟುಕೊಳ್ಳಿ. ಉಳಿದದ್ದನ್ನು ಶಾಲೆ ಬಿಟ್ಟ ಮೇಲೆ ಕೇಳಿ.

ಸಭೆಯಲ್ಲಿ ಓದಿ ಹೇಳುವುದನ್ನು ನಿಲ್ಲಿಸಿ

ನ್ಯೂಜಿಲೆಂಡಿನ ಶಿಕ್ಷಣ ತಜ್ಞೆ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಶಾಲಾ ಮುಖ್ಯಸ್ಥರ ಕೆಲಸಗಳಲ್ಲಿ ಮಕ್ಕಳ ಕಲಿಕೆಯೊಂದಿಗೆ ಅತ್ಯಂತ ಗಟ್ಟಿಯಾದ ಸಂಬಂಧ ಕಂಡದ್ದು ಒಂದಕ್ಕೆ: ಶಿಕ್ಷಕರ ಕಲಿಕೆಗೆ ಇಂಬು ಕೊಟ್ಟು, ತಾವೂ ಅದರಲ್ಲಿ ಕುಳಿತು ಕಲಿಯುವುದಕ್ಕೆ. ಕುಳಿತು ಕಲಿಯುವುದು ಎಂಬ ಮಾತನ್ನು ಗಮನಿಸಬೇಕು. ತರಬೇತಿಗೆ ಶಿಕ್ಷಕರನ್ನು ಕಳುಹಿಸಿ ತಾವು ಕಚೇರಿಯಲ್ಲಿ ಉಳಿಯುವುದು ಇದರೊಳಗೆ ಬರುವುದಿಲ್ಲ.

ಸಿಬ್ಬಂದಿ ಸಭೆಯ ಅರ್ಧ ಸಮಯ ಸುತ್ತೋಲೆ ಓದುವುದರಲ್ಲಿ ಹೋಗುತ್ತದೆ. ಸುತ್ತೋಲೆಯನ್ನು ಹಿಂದಿನ ದಿನವೇ ಕೈಗೆ ಕೊಟ್ಟು ಸಹಿ ಪಡೆಯಿರಿ. ಸಭೆಗೆ ಪ್ರತಿಯೊಬ್ಬರೂ ಮೂರು ಮಕ್ಕಳ ಬರವಣಿಗೆ ತರಲಿ: ಚೆನ್ನಾಗಿ ಬರೆಯುವ ಒಬ್ಬರದು, ಸಾಧಾರಣ ಒಬ್ಬರದು, ಹಿಂದುಳಿದ ಒಬ್ಬರದು. ಒತ್ತಕ್ಷರ ಎಲ್ಲಿ ತಪ್ಪುತ್ತಿದೆ, ದೀರ್ಘ ಸ್ವರ ಎಲ್ಲಿ ಬಿಟ್ಟುಹೋಗಿದೆ, ಐದನೇ ತರಗತಿಯ ಈ ಮಗು ಯಾಕೆ ಒಂದೂ ವಾಕ್ಯ ಪೂರ್ತಿ ಬರೆದಿಲ್ಲ ಎಂದು ನೋಡುತ್ತಾ ಹೋದರೆ ನಲವತ್ತು ನಿಮಿಷ ಸಾಲುವುದಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಲಿ ಎಂದು ಅಪೇಕ್ಷಿಸಿತು. ರಾಜ್ಯದ ನೀತಿ ಏನೇ ಇರಲಿ, ಈ ಅಳತೆ ಇಟ್ಟುಕೊಳ್ಳಲು ಯೋಗ್ಯವಾದದ್ದು. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಐದು ಗಂಟೆ. ಮೇಲೆ ಹೇಳಿದಂಥ ಸಭೆ, ಜೊತೆಗಾರರ ಅವಧಿ, ಕ್ಲಸ್ಟರ್ ಸಭೆ ಸೇರಿದರೆ ಅಷ್ಟಾಗುತ್ತದೆ. 2017ರಲ್ಲಿ ಬಂದ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಾಗಲಿ, 2019ರಲ್ಲಿ ಶುರುವಾದ ನಿಷ್ಠಾ ತರಬೇತಿಯಲ್ಲಾಗಲಿ ಒಬ್ಬೊಬ್ಬರೇ ಮೊಬೈಲಿನಲ್ಲಿ ವಿಡಿಯೋ ಓಡಿಸಿ ಪ್ರಮಾಣಪತ್ರ ಪಡೆದರೆ ತರಗತಿಗೆ ಏನೂ ಇಳಿಯುವುದಿಲ್ಲ. ಒಂದು ಘಟಕವನ್ನು ಎಲ್ಲರೂ ಒಟ್ಟಿಗೆ ನೋಡಿ, ಅದರಲ್ಲಿ ಒಂದೇ ಒಂದು ಚಟುವಟಿಕೆಯನ್ನು ಮುಂದಿನ ವಾರ ಮಾಡಿ ಬಂದು ಹೇಳುವ ಪದ್ಧತಿ ಇಟ್ಟುಕೊಳ್ಳಿ.

ಮೂರರಿಂದ ಹತ್ತು ವರ್ಷ: ಕೈ ಕುದುರಿದ ಮೇಲೆ

ಪ್ರೊಬೇಷನರಿ ಅವಧಿ ಮುಗಿದು, ಪಾಠ ಕೈಗೆ ಹತ್ತಿದವರನ್ನು ಮುಖ್ಯ ಶಿಕ್ಷಕರು ಮರೆತುಬಿಡುತ್ತಾರೆ. ಅವರಿಂದ ತೊಂದರೆಯಿಲ್ಲವಲ್ಲ! ಈ ಹಂತದಲ್ಲೇ ಅವರಿಗೆ ಬೆಳೆಯುವ ಜಾಗ ಬೇಕು. ವಿಜ್ಞಾನ ಪ್ರಯೋಗಾಲಯವನ್ನೋ ಶಾಲಾ ಗ್ರಂಥಾಲಯವನ್ನೋ ಪೂರ್ತಿ ಅವರ ಕೈಗೆ ಒಪ್ಪಿಸಿ, ಖರ್ಚಿನ ನಿರ್ಧಾರವನ್ನೂ ಸೇರಿಸಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಸಂಪನ್ಮೂಲ ವ್ಯಕ್ತಿಯಾಗಿ ಹೋಗುವ ಅವಕಾಶ ಬಂದರೆ ‘ಶಾಲೆಗೆ ಜನ ಇಲ್ಲ’ ಎಂದು ತಡೆಯಬೇಡಿ. ವರ್ಗಾವಣೆಯ ಕೌನ್ಸೆಲಿಂಗ್ ಹೊತ್ತಿನಲ್ಲಿ ಮನಸ್ಸು ಊರ ಕಡೆ ಇರುವುದು ಸಹಜ, ಅದನ್ನು ನಿಷ್ಠೆಯ ಪ್ರಶ್ನೆಯಾಗಿ ಮಾಡಬೇಡಿ.

ಬಹಳ ಶಿಕ್ಷಕಿಯರಿಗೆ ತಾಯ್ತನವೂ ಇದೇ ವರ್ಷಗಳಲ್ಲಿ ಬರುತ್ತದೆ. ಆರು ತಿಂಗಳ ಹೆರಿಗೆ ರಜೆ, ಅಗತ್ಯವಿದ್ದರೆ ಶಿಶುಪಾಲನಾ ರಜೆ, ಇವು ಹಕ್ಕುಗಳು. ಅರ್ಜಿ ಕೊಟ್ಟಾಗ ಮುಖ ಸಿಂಡರಿಸುವವರು ಒಬ್ಬ ಒಳ್ಳೆಯ ಶಿಕ್ಷಕಿಯ ವಿಶ್ವಾಸವನ್ನು ಹಲವು ವರ್ಷಗಳಿಗೆ ಕಳೆದುಕೊಳ್ಳುತ್ತಾರೆ. ರಜೆ ಮುಗಿಸಿ ಬಂದಾಗ ತರಗತಿ ಎಲ್ಲಿಗೆ ಬಂದಿದೆ, ಯಾವ ಮಗು ಹಿಂದೆ ಬಿದ್ದಿದೆ ಎಂಬುದನ್ನು ಬದಲಿ ಶಿಕ್ಷಕರಿಂದ ಬರೆಸಿ ಕೊಡಿ. ಹಾಲೂಡಿಸುವ ತಾಯಿಗೆ ಒಂದು ಬಾಗಿಲಿರುವ ಕೋಣೆ, ನಡುವೆ ಒಂದು ಬಿಡುವಿನ ಅವಧಿ ಕೊಡಿ. ಆ ವರ್ಷ ಪ್ರವಾಸದ ಹೊಣೆ ಬೇಡ.

ನಡುವಯಸ್ಸಿನ ಶಿಕ್ಷಕರು

‘ಇದನ್ನೆಲ್ಲ ನೋಡಿದ್ದೇವೆ ಬಿಡಿ ಸರ್’ ಎನ್ನುವ ಶಿಕ್ಷಕರು ಪ್ರತಿ ಶಾಲೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಸೋಮಾರಿ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಕಾರ್ಯಕ್ರಮಗಳು ಸದ್ದು ಮಾಡುತ್ತಾ ಬಂದು ಸದ್ದಿಲ್ಲದೆ ಹೋದವು ಎಂಬುದನ್ನು ಅವರು ಕಂಡಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ.

ಶಿಕ್ಷಕರ ವೃತ್ತಿಜೀವನದ ಹಂತಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಅಧ್ಯಯನ ಮಾಡಿದ ಮೈಕೇಲ್ ಹ್ಯೂಬರ್‌ಮನ್ ಇಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿ ಕಂಡುಕೊಂಡರು. ದೊಡ್ಡ ದೊಡ್ಡ ಸುಧಾರಣೆಗಳಲ್ಲಿ ತೊಡಗಿದವರಿಗಿಂತ, ತಮ್ಮ ಕೊಠಡಿಯೊಳಗೆ ಸಣ್ಣ ಸಣ್ಣ ಪ್ರಯೋಗ ಮಾಡುತ್ತಾ, ಆಗಾಗ ತರಗತಿ ಬದಲಿಸಿಕೊಳ್ಳುತ್ತಾ ಬಂದವರು ಕೊನೆಯ ವರ್ಷಗಳಲ್ಲಿ ಹೆಚ್ಚು ತೃಪ್ತರಾಗಿದ್ದರು. ಹಾಗಾಗಿ ಈ ಶಿಕ್ಷಕರ ಮುಂದೆ ಇನ್ನೊಂದು ಯೋಜನೆ ಹಿಡಿಯಬೇಡಿ. ‘ಈ ವರ್ಷ ನಿಮ್ಮ ತರಗತಿಯಲ್ಲಿ ಯಾವ ಒಂದು ವಿಷಯ ಸರಿಹೋಗಬೇಕು ಅನಿಸುತ್ತದೆ?’ ಎಂದು ಕೇಳಿ, ಅದಕ್ಕೆ ಬೇಕಾದ ಸಾಮಗ್ರಿ ಮತ್ತು ಸಮಯ ಕೊಡಿ. ಹತ್ತು ವರ್ಷದಿಂದ ಏಳನೇ ತರಗತಿಗೇ ಸಮಾಜ ವಿಜ್ಞಾನ ಹೇಳುತ್ತಿದ್ದರೆ, ಅವರು ಒಪ್ಪಿದರೆ, ನಾಲ್ಕನೇ ತರಗತಿ ಕೊಟ್ಟು ನೋಡಿ.

ಈಗ ಈ ವಯಸ್ಸಿನವರನ್ನು ಕಾಡುತ್ತಿರುವ ಇನ್ನೊಂದು ಚಿಂತೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಇರುವ ಶಿಕ್ಷಕರು ಎರಡು ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕು ಎಂದಿತು. ಐದು ವರ್ಷದೊಳಗೆ ನಿವೃತ್ತರಾಗುವವರಿಗೆ ವಿನಾಯಿತಿ ಇದ್ದರೂ ಬಡ್ತಿಗೆ ಟಿಇಟಿ ಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಮತ್ತೆ ಪರೀಕ್ಷೆ ಎದುರಿಸುವುದು ಅವಮಾನವೆಂದೂ ಅನಿಸಬಹುದು, ಭಯವೂ ಆಗಬಹುದು. ಸಂಘದವರು ಏನು ಮಾಡುತ್ತಾರೆ, ಸರ್ಕಾರ ಏನು ಮಾಡುತ್ತದೆ ಎಂದು ಕಾಯುತ್ತಾ ಕೂರುವ ಬದಲು ಕ್ಲಸ್ಟರಿನಲ್ಲಿ ಓದಿನ ಗುಂಪು ಕಟ್ಟಿಕೊಡಿ. ಇತ್ತೀಚೆಗೆ ಟಿಇಟಿ ಬರೆದು ಬಂದ ಕಿರಿಯರು ಹಿರಿಯರಿಗೆ ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರದ ಭಾಗವನ್ನು ಹೇಳಿಕೊಡಲಿ.

ಸೇವಾ ವಿಷಯಗಳ ಒಂದು ಪುಟ್ಟ ವಹಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಯಾರಿಗೆ ಯಾವ ತಿಂಗಳು 10, 15, 20 ವರ್ಷ ತುಂಬುತ್ತದೆ, ಕಾಲಮಿತಿ ಬಡ್ತಿಯ ಪ್ರಸ್ತಾವ ಯಾವಾಗ ಹೋಗಬೇಕು, ಯಾರ ಸೇವಾ ಪುಸ್ತಕದಲ್ಲಿ ಯಾವ ನಮೂದು ಬಾಕಿ ಎಂದು ಬರೆದಿಡಿ. ತನ್ನ ಬಡ್ತಿಯ ಕಡತವನ್ನು ತಾನು ಕೇಳುವ ಮೊದಲೇ ಮುಖ್ಯ ಶಿಕ್ಷಕರು ಕಳುಹಿಸಿದ್ದಾರೆ ಎಂದು ತಿಳಿದಾಗ ಶಿಕ್ಷಕರಿಗೆ ಆಗುವ ಸಂತೋಷ ಯಾವ ಸನ್ಮಾನದಿಂದಲೂ ಆಗದು.

ಅತಿಥಿ ಶಿಕ್ಷಕರನ್ನು ಹೊರಗಿಡಬೇಡಿ

ಅತಿಥಿ ಶಿಕ್ಷಕರಿಗೆ ಕಡಿಮೆ ಗೌರವಧನ, ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಎಷ್ಟೋ ಶಾಲೆಗಳು ನಡೆಯುತ್ತಿರುವುದು ಅವರಿಂದಲೇ. ಸಭೆಗೆ ಕರೆಯಿರಿ, ಜೊತೆಗಾರರನ್ನು ಕೊಡಿ, ಹಾಜರಾತಿ ಪ್ರಮಾಣೀಕರಿಸಿ ಗೌರವಧನದ ಬಿಲ್ಲನ್ನು ತಿಂಗಳ ಮೊದಲ ವಾರವೇ ಕಳುಹಿಸಿ. ವರ್ಷದ ಕೊನೆಗೆ ಅವರ ಕೆಲಸದ ಬಗ್ಗೆ ವಿವರವಾದ ಅನುಭವ ಪತ್ರ ಬರೆದುಕೊಡಿ.

ನಿಮಗೂ ಯಾರಾದರೂ ಬೇಕು

ಉಸ್ತುವಾರಿ ಮುಖ್ಯ ಶಿಕ್ಷಕರಾಗಿ ಪಾಠ, ಬಿಸಿಯೂಟ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ಕಚೇರಿ ಎಲ್ಲವನ್ನೂ ಒಬ್ಬರೇ ಹೊತ್ತವರು ಮೇಲಿನದೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ವಾರಕ್ಕೆ ಎರಡು ತರಗತಿ ಭೇಟಿಯಿಂದ ಶುರುಮಾಡಿ. ಕ್ಲಸ್ಟರಿನ ಇನ್ನಿಬ್ಬರು ಮುಖ್ಯ ಶಿಕ್ಷಕರೊಂದಿಗೆ ತಿಂಗಳಿಗೊಮ್ಮೆ ಮನಬಿಚ್ಚಿ ಮಾತನಾಡಿ. ದಸರಾ ರಜೆಗೆ ಮುಂಚೆ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಒಮ್ಮೆ ಎಲ್ಲ ಶಿಕ್ಷಕರಿಗೂ ಒಂದು ಖಾಲಿ ಹಾಳೆ ಕೊಟ್ಟು, ಹೆಸರು ಬರೆಯದೆ, ‘ನಾನು ಯಾವುದನ್ನು ನಿಲ್ಲಿಸಬೇಕು?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೇಳಿ. ಬಂದ ಉತ್ತರಗಳಲ್ಲಿ ಒಂದನ್ನಾದರೂ ಮರುದಿನದಿಂದಲೇ ನಿಲ್ಲಿಸಿ.

ಕೊನೆಯ ಎರಡು ವರ್ಷ

ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಸೇವಾ ಪುಸ್ತಕವನ್ನು ಮೊದಲ ಪುಟದಿಂದ ಪರಿಶೀಲಿಸಿ. ಜನ್ಮ ದಿನಾಂಕ, ಹಳೆಯ ವೇತನ ನಿಗದಿ, ವರ್ಗಾವಣೆಯ ನಡುವಿನ ದಿನಗಳು, ನಾಮನಿರ್ದೇಶನ ಇವುಗಳಲ್ಲೇ ತೊಡಕು ಇರುವುದು ಹೆಚ್ಚು. 2006ರ ಏಪ್ರಿಲ್ 1ಕ್ಕೆ ಮುಂಚೆ ನೇಮಕವಾದವರು ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿದ್ದಾರೆ, ನಂತರದವರಲ್ಲಿ ಬಹುಪಾಲು ಜನ ಎನ್‌ಪಿಎಸ್‌ನಲ್ಲಿ. ಎರಡಕ್ಕೂ ಬೇಕಾಗುವ ಕಾಗದಪತ್ರ ಬೇರೆ ಬೇರೆ, ಗೊಂದಲವಾಗದಿರಲಿ. ಮಂಡಿ ನೋವು, ಸಕ್ಕರೆ ಕಾಯಿಲೆ ಇದ್ದವರಿಗೆ ನೆಲ ಅಂತಸ್ತಿನ ಕೊಠಡಿ ಕೊಡಿ. ಸತತ ನಾಲ್ಕು ಅವಧಿ ಅವರು ನಿಂತೇ ಪಾಠ ಮಾಡುವಂತೆ ಆಗದಿರಲಿ.

ಈ ಶಿಕ್ಷಕರಲ್ಲಿ ಸೇರಿಕೊಂಡಿರುವ ಅನುಭವ ಯಾವ ಕೈಪಿಡಿಯಲ್ಲೂ ಇಲ್ಲ. ಅಕ್ಷರ ಹಿಡಿಯದ ಮಗುವನ್ನು ಓದಿಗೆ ತಂದ ಬಗೆ, ಶಾಲೆ ಬಿಟ್ಟ ಹುಡುಗಿಯ ತಂದೆಯನ್ನು ಒಪ್ಪಿಸಿದ ಮಾತು, ಊರಿನ ಯಾವ ಓಣಿಯಲ್ಲಿ ಯಾರನ್ನು ಹಿಡಿದರೆ ಕೆಲಸವಾಗುತ್ತದೆ ಎಂಬ ತಿಳಿವಳಿಕೆ. ಕೊನೆಯ ವರ್ಷ ಅವರ ಬೋಧನಾ ಅವಧಿಗಳನ್ನು ಸ್ವಲ್ಪ ಇಳಿಸಿ, ಹೊಸಬರ ತರಗತಿಯಲ್ಲಿ ವಾರಕ್ಕೆ ಎರಡು ಅವಧಿ ಜೊತೆಯಾಗಿ ಪಾಠ ಮಾಡುವಂತೆ ವೇಳಾಪಟ್ಟಿ ಹಾಕಿ. ಅವರು ತಯಾರಿಸಿಟ್ಟ ಚಾರ್ಟು, ಮಿಂಚುಪಟ್ಟಿ, ಪ್ರಶ್ನೆಪತ್ರಿಕೆ, ಕೈಬರಹದ ಟಿಪ್ಪಣಿಗಳನ್ನು ತರಗತಿವಾರು ಒಂದು ಕಪಾಟಿನಲ್ಲಿ ಜೋಡಿಸಿ, ಅವರ ಹೆಸರಿನ ಚೀಟಿ ಅಂಟಿಸಿ. ಬೀಳ್ಕೊಡುಗೆಗೆ ಹಣ ಸಂಗ್ರಹಿಸುವುದಕ್ಕೆ ಮೊದಲು ಪಿಂಚಣಿಯ ಕಡತ ಮಹಾಲೇಖಪಾಲರ ಕಚೇರಿಗೆ ತಲುಪಿದೆಯೇ ಎಂದು ವಿಚಾರಿಸಿಕೊಳ್ಳಿ.